ಬೇ, ರೇ, ಯೇ

ನಾನು ಬರೆದ ನಾಟಕಗಳು ಹನ್ನೊಂದು. ಕತೆಗಳನ್ನು ಎಣಿಸಿಲ್ಲ. ಒಂದೂ ಅಚ್ಚಾಗಿಲ್ಲ, ಅಚ್ಚು ಹಾಕಿಸಿಕೊಡಿ ಎಂದು ನಾನು ಯಾರ ಬಾಗಿಲಿಗೂ ಹೋದವನಲ್ಲ. ಬರೆದದ್ದನ್ನು ಜನಕ್ಕೆ ಓದಿ ಹೇಳುತ್ತಿದ್ದೆ, ಅಷ್ಟೆ. ಮುಗಿದದ್ದನ್ನೂ ಓದುತ್ತಿದ್ದೆ, ಮುಗಿಯದ್ದನ್ನೂ ಓದುತ್ತಿದ್ದೆ. ನಿಜ ಹೇಳಬೇಕೆಂದರೆ ಮುಗಿಯದ್ದನ್ನೇ ಹೆಚ್ಚು. ಅರ್ಧ ನಾಟಕ ಓದಿ ನಿಲ್ಲಿಸಿದರೆ ಕೇಳಿದವರು ಮುಂದಿನ ವಾರ ತಪ್ಪದೆ ಬರುತ್ತಾರೆ. ಪೂರ್ತಿ ಓದಿದರೆ "ಆತೇನ್ರಿ ಸ್ವಾಮೇರ" ಎಂದು ಧೋತರ ಝಾಡಿಸಿಕೊಂಡು ಎದ್ದು ಹೋಗುತ್ತಾರೆ.

ನಿಜಾಮರ ಕಾಲದ ಮಾತು ಇದು. ರಾಯಚೂರಿನ ಅದಾಲತ್ತಿನಲ್ಲಿ ನನಗೆ ನಕಲು ಬರೆಯುವ ನೌಕರಿ. ಬೆಳಗಿನಿಂದ ಸಂಜೆಯವರೆಗೆ ಪರರ ಜಗಳಗಳನ್ನು ಉರ್ದುವಿನಲ್ಲಿ ನಕಲು ಮಾಡುವುದು. ಹಾಳಾದ ಹಾಳೆಗಳನ್ನು ಎಸೆಯುತ್ತಿದ್ದರು, ನಾನು ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಹೀಗಾಗಿ ನನ್ನ ನಾಟಕಗಳಿಗೆ ಒಂದು ಮಗ್ಗುಲಲ್ಲಿ ಯಾರದೋ ಹೊಲದ ಬದುವಿನ ತಂಟೆ, ಇನ್ನೊಂದು ಮಗ್ಗುಲಲ್ಲಿ ರಾಜ, ಮಂತ್ರಿ, ರಾಣಿ. ಸರ್ಕಾರದ ಶಾಲೆಯಲ್ಲಿ ಕಲಿತದ್ದು ಉರ್ದು. ಕನ್ನಡ ಅಕ್ಷರವನ್ನು ಮಠದ ಕಟ್ಟೆಯ ಮೇಲೆ ಮರಳಿನಲ್ಲಿ ತಿದ್ದಿ ಕಲಿತೆ. ಹೊಟ್ಟೆಗೊಂದು ಲಿಪಿ, ಹುಚ್ಚಿಗೊಂದು ಲಿಪಿ ಎಂದು ನನ್ನನ್ನು ನಾನೇ ಚೇಷ್ಟೆ ಮಾಡಿಕೊಳ್ಳುತ್ತಿದ್ದೆ. ಮರಿಸ್ವಾಮಿ ಎಂಬ ನನ್ನ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು; ಊರಿಗೆಲ್ಲ ನಾನು ನಾಟಕದ ಸ್ವಾಮಿ.

ಶುಕ್ರವಾರ ಅದಾಲತ್ತಿಗೆ ರಜೆ. ಅಂದು ಸ್ಟೇಶನ್ ಕಡೆಯ ಮಾಳಿಂಗಪ್ಪನ ಚಹಾದಂಗಡಿಯ ಮುಂದೆ ಕಲ್ಲುಬೆಂಚಿನ ಮೇಲೆ ಕೂತು ಆ ವಾರ ಬರೆದಷ್ಟನ್ನು ಓದುತ್ತಿದ್ದೆ. ಕೇಳುವವರು ಹತ್ತಿ ಮಿಲ್ಲಿನ ಹಮಾಲರು, ಟಾಂಗಾದವರು, ಗಾಡಿ ತಪ್ಪಿಸಿಕೊಂಡ ಪ್ರಯಾಣಿಕರು. ಅವರಿಗೆ ನಾಟಕವೆಂದರೆ ಯಾರಾದರೂ ಸಾಯಲೇಬೇಕು. "ಒಬ್ಬರರ ಸಾಯಲಿ ಬಿಡ್ರಿ ಸ್ವಾಮೇರ, ಇಲ್ಲಂದ್ರ ಕಣ್ಣಾಗ ನೀರು ಹೆಂಗ ಬರ್ತಾವ?" ಎಂದು ಮಾಳಿಂಗಪ್ಪ ಚಹಾ ಸೋಸುತ್ತ ನ್ಯಾಯ ಹೇಳುತ್ತಿದ್ದ. ನಾನು ನಗುತ್ತಿದ್ದೆ, ಆದರೆ ಆ ಮಾತು ತಲೆಯಲ್ಲಿ ಕೂತುಬಿಡುತ್ತಿತ್ತು.

ತಿಂಗಳಿಗೊಮ್ಮೆ ಮೋಟಾರು ಹತ್ತಿ ದೇವದುರ್ಗಕ್ಕೆ ಹೋಗುತ್ತಿದ್ದೆ. ಅಲ್ಲಿ ಅವ್ವ ಚನ್ನಮಲ್ಲಮ್ಮ, ಹೆಂಡತಿ ಶಿವಬಸಮ್ಮ ಇದ್ದರು. ಚೂರು ಹೊಲ, ಒಂದು ಎಮ್ಮೆ, ಎರಡಂಕಣದ ಮನೆ. ಹೋದ ಕೂಡಲೆ ಕೈಕಾಲು ತೊಳೆಯುವುದರೊಳಗೆ ಅವ್ವ ಮೊರ ತಂದು ಪಡಸಾಲೆಯಲ್ಲಿ ಕೂಡುವಳು. "ಹೂಂ, ಓದು" ಎನ್ನುವಳು. ಬ್ಯಾಳೆ ಆರಿಸುತ್ತ ಕೇಳುವಳು. ನಾನು ಅಳಬೇಕೆಂದು ಬರೆದಲ್ಲಿ ನಗುವಳು. ಒಮ್ಮೆ ನಮ್ಮ ರಾಜ ಎರಡು ಹಾಳೆಯುದ್ದ ಮಾತಾಡಿದಾಗ, "ಲೇ ಯಪ್ಪಾ, ಇವನು ಇಷ್ಟು ಮಾತಾಡ್ತಾನಲ್ಲ, ಇವಗ ಬ್ಯಾರೆ ಕೆಲಸಿಲ್ಲೇನು?" ಎಂದಳು. ಒಂದು ಹಾಳೆ ಹರಿದು ಹಾಕಿದೆ. ಅಕ್ಷರ ಬಾರದ ಹೆಂಗಸು, ಆದರೆ ನನ್ನ ನಾಟಕದಲ್ಲಿ ಎಲ್ಲಿ ಸುಳ್ಳು ಸೇರಿದೆ ಎಂಬುದು ಅವಳಿಗೆ ಬೇಗ ತಿಳಿಯುತ್ತಿತ್ತು.

ಶಿವಬಸಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳನ್ನು ಬಾ, ಕೂಡು, ಕೇಳು ಎಂದು ನಾನು ಕರೆದವನಲ್ಲ. ಅವಳು ಬಂದು ಕೂತವಳೂ ಅಲ್ಲ. ಮದುವೆಯಾಗಿ ಒಂಬತ್ತು ವರ್ಷ, ನನ್ನ ಬರಹ ಅವಳಿಗೆ ಬೇಡವಾದ ಬಾಬತ್ತು ಎಂದೇ ನಾನು ತಿಳಿದಿದ್ದೆ. ಕೇಳಿದ್ದರಲ್ಲವೆ ಗೊತ್ತಾಗುವುದು.

ಆ ವರ್ಷ, ಅಂದರೆ ನಲವತ್ತಾರರಲ್ಲಿ, ನಾನು ಬರೆಯುತ್ತಿದ್ದ ನಾಟಕಕ್ಕೆ ಹೆಸರಿಟ್ಟಿರಲಿಲ್ಲ. ಅವ್ವ ಅದನ್ನು ಹೊಳಿ ನಾಟಕ ಎನ್ನುತ್ತಿದ್ದಳು. ಕೃಷ್ಣೆಯ ಆಚೆ ದಂಡೆಯ ನೀಲವ್ವ ಎಂಬ ಹುಡುಗಿಯನ್ನು ಈಚೆ ದಂಡೆಯ ಊರಿಗೆ ಕೊಟ್ಟಿರುತ್ತಾರೆ. ತಾಯಿಗೆ ಜಡ್ಡಾಗಿದೆ ಎಂದು ತವರಿನಿಂದ ಸುದ್ದಿ ಬರುತ್ತದೆ. ಓಡಿ ಬಂದರೆ ಹೊಳೆ ತುಂಬಿ ಹರಿಯುತ್ತಿದೆ, ಹರಗೋಲಿನವನು ಒಲ್ಲೆ ಎನ್ನುತ್ತಾನೆ. ನಾಲ್ಕನೆಯ ಅಂಕ ಅಲ್ಲಿಗೆ ನಿಂತಿತ್ತು, ಹುಡುಗಿ ದಂಡೆಯ ಮೇಲೆ ಇದ್ದಳು.

ಇದು ಅವ್ವನದೇ ಕತೆ. ಅವಳ ತವರು ಹೊಳೆಯಾಚೆ, ಸುರಪುರ ಸೀಮೆ. ತನ್ನ ತಾಯಿ ಸಾಯುವ ಹೊತ್ತಿಗೆ ಹೊಳೆ ಬಂದಿತ್ತೆಂದು, ಎರಡು ದಿನ ದಂಡೆಯ ಮೇಲೆ ಕೂತು ತಿರುಗಿ ಬಂದೆನೆಂದು ನನಗೆ ಒಂದೇ ಒಂದು ಸಲ ಹೇಳಿದ್ದಳು. ನಾನು ಹೆಸರು ಬದಲಿಸಿ ಎತ್ತಿಕೊಂಡೆ, ಒಂದು ಮಾತು ಕೇಳಲಿಲ್ಲ. ಬರೆಯುವವರ ಜಾತಿ ಅಂಥದು. ನಾಲ್ಕು ಅಂಕ ಓದಿದಾಗ ಅವಳೂ ಏನೂ ಅನ್ನಲಿಲ್ಲ. ಅಂದು ಮಾತ್ರ ಕೈ ಮೊರದ ಮೇಲೆ ನಿಂತಿತು.

"ದಾಟ್ತಾಳೇನು?" ಎಂದು ಕೇಳಿದಳು.

"ಗೊತ್ತಿಲ್ಲ ಯವ್ವಾ. ಇನ್ನಾ ಬರದಿಲ್ಲ."

"ಬರಿ ಮತ್ತ. ಲಗೂನ ಬರಿ. ನಾ ಇರೋದ್ರಾಗ ಮುಗಿಸು, ಕೇಳ್ತೀನಿ."

ಅದಾದ ಮೇಲೆ ಪ್ರತಿ ಸಲವೂ ಅದೇ ಮಾತು. ಎರಡು ತಿಂಗಳು ಹೋದೆ, ಎರಡು ತಿಂಗಳೂ ಬರಿಗೈಯಲ್ಲಿ ಹೋದೆ. ಮೋಟಾರು ಹತ್ತುವಾಗ ಊರ ಅಗಸೆಬಾಗಿಲ ತನಕ ಬಂದು, "ಲಗೂನ ಬರಿ" ಎಂದು ಕೂಗಿ ಹೇಳುವಳು. ಮೋಟಾರಿನಲ್ಲಿದ್ದವರು ಕಾಗದ ಬರೆಯಲು ಹೇಳುತ್ತಿದ್ದಾಳೆ ಎಂದು ತಿಳಿದುಕೊಳ್ಳುತ್ತಿದ್ದರು.

ಮನೆಯ ಕಾಗದಗಳ ಬಗ್ಗೆ ಇಲ್ಲಿ ಹೇಳಬೇಕು. ಅವ್ವನಿಗೂ ಶಿವಬಸಮ್ಮನಿಗೂ ಅಕ್ಷರ ಬಾರದು. ಮಗ್ಗುಲ ಮನೆಯ ಲಾಲ್ ಸಾಬರು ಬರೆದುಕೊಡುತ್ತಿದ್ದರು. ತಹಸೀಲ ಕಚೇರಿಯಲ್ಲಿ ಚಪರಾಸಿಯಾಗಿದ್ದು ವಯಸ್ಸಾಗಿ ಮನೆ ಸೇರಿದವರು, ಮಾತಿಗೆ ಅಚ್ಚ ದೇವದುರ್ಗದ ಕನ್ನಡ, ಬರಹಕ್ಕೆ ಉರ್ದು ಅಕ್ಷರ ಒಂದೇ. ಅವ್ವ ಕನ್ನಡದಲ್ಲಿ ಹೇಳಿದ್ದನ್ನು ಅವರು ಉರ್ದು ಅಕ್ಷರದಲ್ಲಿ ಬರೆಯುವರು, ನಾನು ಅದನ್ನು ಕನ್ನಡವಾಗಿ ಓದಿಕೊಳ್ಳುವೆ. ನಮ್ಮ ಕಡೆ ಆಗ ಎಷ್ಟೋ ಮನೆಗಳಲ್ಲಿ ಹೀಗೆಯೇ ನಡೆಯುತ್ತಿತ್ತು.

ಆದರೆ ಉರ್ದುವಿಗೆ ನಮ್ಮ ಹಾಗೆ ಗುಣಿತದ ಗೊಡವೆಯಿಲ್ಲ. ಗಿಡ್ಡ ಸ್ವರಗಳನ್ನು ಬರೆಯುವುದಿಲ್ಲ, ಒತ್ತಿಗೂ ಬೇರೆ ಅಕ್ಷರವಿಲ್ಲ. ಗುರುತುಗಳಿವೆ, ಅವಸರದಲ್ಲಿ ಯಾರೂ ಹಾಕುವುದಿಲ್ಲ. ಉಳಿದದ್ದನ್ನು ಓದುವವನು ತನ್ನ ತಲೆಯಿಂದ ತುಂಬಿಕೊಳ್ಳಬೇಕು. ಒಮ್ಮೆ ಲಾಲ್ ಸಾಬರು "ಎಮ್ಮಿ ಈದದ, ಹೆಣ್ಣುಗರ" ಎಂದು ಬರೆದಿದ್ದರು. ಅದಾಲತ್ತಿನ ಗೆಳೆಯರು ನನ್ನ ಹೆಗಲ ಮೇಲಿಂದ ಅದನ್ನು "ಅಮ್ಮಿ", ಅಂದರೆ ತಾಯಿ, ಎಂದು ಓದಿ, ಸ್ವಾಮಿಗೆ ಈ ವಯಸ್ಸಿನಲ್ಲಿ ತಂಗಿ ಹುಟ್ಟಿದ್ದಾಳೆಂದು ಒಂದು ವಾರ ಪೇಡೆ ಕೇಳಿದರು. ನಾನೂ ಅವರ ಜೊತೆ ನಕ್ಕೆ.

ಶ್ರಾವಣದ ಎರಡನೆಯ ಸೋಮವಾರ ಕಾಗದ ಬಂತು. ಕಾರ್ಡು. ಮೇಲೆ ಲಾಲ್ ಸಾಬರ ಕಾಯಂ ಸಾಲು: ಇಲ್ಲಿ ಎಲ್ಲಾ ಖೈರಿಯತ್. ಊರಿಗೆ ಬೆಂಕಿ ಬಿದ್ದಿದ್ದರೂ ಅವರ ಕಾರ್ಡಿನ ಮೇಲೆ ಖೈರಿಯತ್ ಇದ್ದೇ ಇರುತ್ತಿತ್ತು. ಕೆಳಗೆ ಎರಡೇ ಸಾಲು. ನಾನು ಓದಿದ್ದು ಹೀಗೆ: "ಅವ್ವ ಹಾದಿ ನೋಡಾಕತ್ಯಾಳ. ಲಗೂನ ಬರಿ."

ನನಗಾದ ಹಿಗ್ಗನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಮೂವತ್ತು ಮೈಲಿ ದೂರದಿಂದ ಒಬ್ಬ ಮುದುಕಿ ಬರಿ ಎಂದು ಕಾಗದ ಹಾಕಿಸುತ್ತಾಳೆ! ಯಾವ ನಾಟಕಕಾರನಿಗೆ ಇಂಥ ಭಾಗ್ಯವಿದೆ? ಆ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ನೇರ ನಮ್ಮ ಹಿರಿಯ ಗುಮಾಸ್ತರ ಮೇಜಿಗೆ ಹೋದೆ. "ತಾಯಿಗೆ ಸೀಕು, ದೇವದುರ್ಗಕ್ಕೆ ಹೋಗಬೇಕು, ಹತ್ತು ದಿನ ರಜೆ ಬೇಕು" ಎಂದೆ. ನಾಟಕ ಬರೆಯುತ್ತೇನೆ ಎಂದರೆ ಯಾರು ರಜೆ ಕೊಡುತ್ತಾರೆ? ಅವರು ಅಯ್ಯೋ ಪಾಪ ಎಂದು ಸಹಿ ಹಾಕಿದರು. ನಾನು ನನ್ನ ಖೋಲಿಗೆ ಬಂದು ಚಿಲಕ ಹಾಕಿಕೊಂಡೆ.

ಒಂಬತ್ತು ದಿನ ಬರೆದೆ. ಮಾಳಿಂಗಪ್ಪನ ಚಹಾ, ಒಂದಿಷ್ಟು ಮಂಡಾಳು, ಅಷ್ಟರಲ್ಲೇ ದಿನ ನೂಕಿದೆ. ಹುಡುಗಿ ದಾಟಬೇಕೋ ಬೇಡವೋ ಎಂದು ಎರಡು ದಿನ ತೊಳಲಾಡಿದೆ. ದಾಟಿಬಿಟ್ಟರೆ ನಾಟಕ ಏನಾಯಿತು? ಬೆಂಚಿನ ಮೇಲಿನವರು ಧೋತರ ಝಾಡಿಸಿಕೊಂಡು ಹೋಗುತ್ತಾರೆ. ಕೊನೆಗೆ ಅವಳನ್ನು ಹೊಳೆಗೆ ಹಾಕಿದೆ. ನಡುನೀರಿನಲ್ಲಿ "ಯವ್ವಾ" ಎಂದು ಕೂಗಿ ಮುಳುಗುತ್ತಾಳೆ, ಆಚೆ ದಂಡೆಯಲ್ಲಿ ದೀಪ ಆರುತ್ತದೆ. ಬರೆದು ನಾನೇ ಅತ್ತೆ. ಬಹಳ ಚೆನ್ನಾಗಿ ಬಂದಿದೆ ಎಂದು ಖುಷಿಯಿಂದ ಅತ್ತೆ.

ಬುಧವಾರ ಮುಗಿಯಿತು. ಗುರುವಾರ ಬೆಳಿಗ್ಗೆ ದೇವದುರ್ಗದ ಮೋಟಾರು ಹತ್ತಬೇಕಾಗಿತ್ತು. ನಾನು ಮಾನ್ವಿಯ ಮೋಟಾರು ಹತ್ತಿದೆ. ಮಾನ್ವಿಯಲ್ಲಿ ತಾಯಪ್ಪ ಎಂಬವನು ಆಟದ ಮೇಳ ಕಟ್ಟಿದ್ದ. ನಾಟಕ ಮುಗಿದ ದಿನ ತಂದುಕೊಟ್ಟರೆ ದಸರೆಯ ಹೊತ್ತಿಗೆ ಆಡಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಅವ್ವನಿಗೆ ಬರೀ ನಾಟಕ ಏಕೆ, ಆಡುವ ದಿನವನ್ನೂ ಗೊತ್ತುಮಾಡಿಕೊಂಡೇ ಹೋಗಿ ಹೇಳೋಣ ಎನ್ನಿಸಿತು. ಒಂದು ದಿನದಲ್ಲಿ ಏನಾಗುತ್ತದೆ ಎಂದುಕೊಂಡೆ. ತಾಯಪ್ಪ ಅಂದು ಊರಲ್ಲಿರಲಿಲ್ಲ. ರಾತ್ರಿ ಬಂದವನು, ಶುಕ್ರವಾರ ಮಧ್ಯಾಹ್ನ ಮೇಳದವರೆಲ್ಲ ಸೇರಲಿ ಎಂದು ಹೇಳಿಕಳಿಸಿದ. ಉಳಿದುಕೊಂಡೆ.

ಶುಕ್ರವಾರ ತಾಯಪ್ಪನ ಅಂಗಳದಲ್ಲಿ ಓದಿದೆ. ಹದಿನೈದು ಇಪ್ಪತ್ತು ಜನ. ಗೋಡೆಯ ಬದಿಗೆ ಖಾಸಿಂ ಬೀ ರಾಣಿಯ ಕುಪ್ಪಸಕ್ಕೆ ಜರಿ ಹೊಲಿಯುತ್ತ ಕೂತಿದ್ದರು. ಮೇಳದ ಬಟ್ಟೆಬರೆಯೆಲ್ಲ ಅವರದೇ ಕೈಯದು. ಗಂಡನಿಲ್ಲದ ಹೆಂಗಸು, ಓಣಿಯ ಹೆಣ್ಣುಮಕ್ಕಳಿಗೆ ಉರ್ದು ಹೇಳಿಕೊಡುತ್ತಿದ್ದರು. ನೀಲವ್ವ ಮುಳುಗಿದಾಗ ತಾಯಪ್ಪ ಶಲ್ಯದಿಂದ ಕಣ್ಣೊರೆಸಿಕೊಂಡ. ಖಾಸಿಂ ಬೀ ಸೂಜಿ ಕೆಳಗಿಟ್ಟು, "ಕೊಂದs ಬಿಟ್ರ್ಯಾ ಪಾಪ" ಎಂದರು. ನನಗೆ ಇನ್ನೇನು ಬೇಕು?

"ಇದನ್ನ ಬರಿಸಿದಾಕಿ ನಮ್ಮವ್ವ," ಎಂದು ನಾನು ಜಂಬದಿಂದ ಜೇಬಿಗೆ ಕೈ ಹಾಕಿ ಕಾರ್ಡು ತೆಗೆದೆ. "ನೋಡ್ರಿ ಬೇಕಾದ್ರ. ಲಗೂನ ಬರಿ ಅಂತ ಕಾಗದ ಹಾಕಿಸ್ಯಾಳ." ತಾಯಪ್ಪನಿಗೆ ಓದಲು ಬರುತ್ತಿರಲಿಲ್ಲ. ಕಾರ್ಡು ಕೈಯಿಂದ ಕೈಗೆ ಹೋಗಿ ಖಾಸಿಂ ಬೀಯವರ ಕೈಗೆ ಬಂತು. ಅವರು ಬೆಳಕಿಗೆ ಹಿಡಿದು ಒಂದೊಂದೇ ಶಬ್ದ ಬಿಡಿಸಿ ಗಟ್ಟಿಯಾಗಿ ಓದಿದರು.

"ಅವ್ವ ಹಾದಿ ನೋಡಾಕತ್ಯಾಳ. ಲಗೂನ ಬರ್ರಿ." ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. "ನೀವು ಹೋಗಲಿಲ್ಲೇನ್ರಿ?"

"ಬರ್ರಿ ಅಲ್ರೀ, ಬರಿ," ಎಂದೆ ನಗುತ್ತ. "ನಾಟಕ ಬರಿ ಅಂತ."

ಅವರು ಮತ್ತೆ ನೋಡಿದರು. "ಬೇ, ರೇ, ಯೇ. ಮೂರs ಅಕ್ಷರ ಅವ. ಬರಿ ಅಂತನೂ ಅನ್ನಬಹುದು, ಬರ್ರಿ ಅಂತನೂ ಅನ್ನಬಹುದು. ಆದ್ರ ಹಾದಿ ನೋಡಾಕತ್ಯಾಳ ಅಂದ ಮ್ಯಾಲ ಬರ್ರಿನs ಅಲ್ಲೇನ್ರಿ?"

ಕಾರ್ಡನ್ನು ಕಸಿದುಕೊಂಡಂತೆ ಇಸಿದುಕೊಂಡೆ. ಬರಿ, ಬರ್ರಿ, ರೇ ಮೇಲೆ ಒತ್ತಿನ ಗುರುತಿದ್ದರೆ ತಿಳಿಯುತ್ತಿತ್ತು. ಲಾಲ್ ಸಾಬರು ಎಂದೂ ಹಾಕಿದವರಲ್ಲ. ದಿನವೆಲ್ಲ ಅದೇ ಅಕ್ಷರ ಗೀಚಿ ಸಂಬಳ ಎಣಿಸುವ ನನಗೆ ಇದು ಹೊಳೆಯಲಿಲ್ಲವೆ? ಆದರೆ ತಕ್ಷಣ ಒಂದು ಸಮಾಧಾನ ಸಿಕ್ಕಿತು. ಅವ್ವ ನನಗೆ ಬರ್ರಿ ಅನ್ನುವುದಿಲ್ಲ. ಹೆತ್ತ ಮಗನಿಗೆ ಯಾವ ತಾಯಿ ಬರ್ರಿ ಅನ್ನುತ್ತಾಳೆ? ಬಾ ಅನ್ನುತ್ತಾಳೆ. ಹಾಗಾದರೆ ಇದು ಬರಿಯೇ. ಉಸಿರು ಬಿಟ್ಟೆ.

ಬಿಟ್ಟ ಉಸಿರು ಒಳಗೆ ಹೋಗುವ ಮುಂಚೆಯೇ ಇನ್ನೊಂದು ವಿಚಾರ ಬಂತು. ಆ ಮನೆಯಲ್ಲಿ ನನಗೆ ಬರ್ರಿ ಅನ್ನುವವಳು ಒಬ್ಬಳಿದ್ದಾಳೆ. ಒಂಬತ್ತು ವರ್ಷದಲ್ಲಿ ಅವಳು ಒಂದು ಕಾಗದವನ್ನೂ ಹಾಕಿಸಿದವಳಲ್ಲ. ಈಗ ಹಾಕಿಸಿದ್ದಾಳೆಂದರೆ ಅವ್ವ ಎದ್ದು ಮಗ್ಗುಲ ಮನೆಗೆ ಹೋಗಿ ಹೇಳಿ ಬರೆಸುವ ಸ್ಥಿತಿಯಲ್ಲಿಲ್ಲ.

ತಾಯಪ್ಪ ಏನೋ ಕೇಳುತ್ತಿದ್ದ, ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಮಾನ್ವಿಯಿಂದ ದೇವದುರ್ಗಕ್ಕೆ ನೇರ ಮೋಟಾರು ಇರಲಿಲ್ಲ. ಸಿರವಾರದ ತನಕ ಒಂದು ಚಕ್ಕಡಿ ಸಿಕ್ಕಿತು, ಅಲ್ಲಿಂದ ನಡೆದೆ. ಮಳೆ ಬಿದ್ದ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಎತ್ತಿಡಲು ಬಾರದಾಯಿತು. ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದೆ. ನೀಲವ್ವನ ಓಟವನ್ನು ಮೂರನೆಯ ಅಂಕದಲ್ಲಿ ಆರು ಹಾಳೆ ಬರೆದಿದ್ದೆ, ಅದರಲ್ಲಿ ಎಲ್ಲಿಯೂ ಕಾಲಿಗೆ ಮಣ್ಣು ಮೆತ್ತಿಕೊಂಡಿರಲಿಲ್ಲ.

ಶನಿವಾರ ಹೊತ್ತೇರುವಾಗ ಮನೆ ಮುಟ್ಟಿದೆ. ಓಣಿಯ ತಿರುವಿನಲ್ಲೇ ಲಾಲ್ ಸಾಬರು ಕಂಡರು. ನನ್ನನ್ನು ನೋಡಿದ ಕೂಡಲೆ ಗೋಡೆ ಹಿಡಿದುಕೊಂಡು ಅಳತೊಡಗಿದರು. "ಗುರುವಾರ ದೀಪ ಹಚ್ಚೋ ಹೊತ್ತಿನಾಗ ಹೋದ್ಳಪ್ಪಾ ನಿಮ್ಮವ್ವ. ನಮ್ಮ ಓಣ್ಯಾಗಿನ ಬೂದೆಪ್ಪನ್ನ ರಾಯಚೂರಿಗೆ ಕಳಿಸಿದಿವಿ. ನಿನ್ನ ಖೋಲಿಗೆ ಬೀಗ ಇತ್ತಂತ. ನಿನ್ನೆ ಸಂಜೀ ತನಕ ಹಾದಿ ನೋಡಿ ಮಣ್ಣು ಮಾಡಿದಿವಿ." ಆಮೇಲೆ ನನ್ನ ಎರಡೂ ಕೈ ಹಿಡಿದರು. "ಸೀಕು ಅಂತ ಬರೆಸಬ್ಯಾಡವ್ವಾ, ಪರಊರಾಗ ಇದ್ದಾಂವ ಗಾಬರಿ ಆಗ್ತಾನ ಅಂತ ನಾನs ಆ ಹೆಣ್ಣುಮಗಳಿಗೆ ಹೇಳಿದೆ. ಬರ್ರಿ ಅಂದ್ರ ಸಾಕು, ಬರ್ತಾನ ಅಂದೆ. ಕಾಗದ ಮುಟ್ಟಲಿಲ್ಲೇನಪ್ಪಾ?"

"ಮುಟ್ಟಲಿಲ್ರಿ," ಎಂದೆ.

ಆ ಕಾರ್ಡು ನನ್ನ ಜೇಬಿನಲ್ಲೇ ಇತ್ತು. ಸಾಯುವ ತನಕ ಲಾಲ್ ಸಾಬರು ಅಂಚೆಯವರನ್ನು ಬೈದುಕೊಂಡೇ ಇದ್ದರು. ಬೈಯಲಿ ಎಂದು ಬಿಟ್ಟೆ.

ಅವ್ವನ ಗದ್ದುಗೆಗೆ ಹೋಗಿ ಬಂದೆ. ಹಸಿ ಮಣ್ಣು, ಮೇಲೆ ಬಾಡಿದ ಬಿಲ್ವಪತ್ರೆ. ಅಲ್ಲಿ ಅಳು ಬರಲಿಲ್ಲ. ಮನೆಗೆ ಬಂದು ಪಡಸಾಲೆಯಲ್ಲಿ ಕೂತಾಗ ಬಂತು. ಶಿವಬಸಮ್ಮ ನೀರು ತಂದಿಟ್ಟು ಎದುರಿಗೆ ನಿಂತಳು. ಅವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕಾರ್ಡು ತೆಗೆದು ನೆಲದ ಮೇಲಿಟ್ಟೆ.

"ಮುಟ್ಟಿತ್ತು. ಬರ್ರಿ ಅನ್ನೋದನ್ನ ಬರಿ ಅಂತ ಓದಿದೆ. ಅವ್ವನ ಮಾತು ಅಂತ ತಿಳ್ಕೊಂಡೆ. ನಾಟಕ ಬರಕೋತ ಕುಂತೆ."

ಅವಳು ಕಾರ್ಡನ್ನು ಎತ್ತಿ ತಿರುಗಿಸಿ ನೋಡಿದಳು. ಬೈದಿದ್ದರೆ ಒಳ್ಳೆಯದಿತ್ತು. "ಒಂಬತ್ತು ವರ್ಷಕ್ಕ ಒಂದು ಮಾತು ಬರೆಸಿದೆ," ಎಂದಳು ಕೊನೆಗೆ. ಆಮೇಲೆ ಕೂತಳು. ಪಡಸಾಲೆಯಲ್ಲಿ ನನ್ನ ಎದುರು ಅವಳು ಕೂತದ್ದು ಅದೇ ಮೊದಲು.

ಅವಳೇ ಹೇಳಿದಳು. ಜ್ವರ ಬಂದು ಅವ್ವ ಮಲಗಿದ್ದು, ಗಂಜಿಯೂ ಒಳಗೆ ಹೋಗದೆ ಸೊರಗಿದ್ದು. ಜ್ವರದ ನಡುವೆ ಎಚ್ಚರವಾದಾಗಲೆಲ್ಲ ಕೇಳುತ್ತಿದ್ದುದು ಎರಡೇ ಮಾತಂತೆ: ಮಗ ಬಂದನೇನು, ಆ ಹುಡುಗಿ ದಾಟಿದಳೇನು.

"ನೀವು ಬರಲಿಲ್ಲ. ಬುಧವಾರ ಭಾಳ ತ್ರಾಸ ಆತು. ನಿಮ್ಮ ಹಳೀ ಹಾಳಿ ಒಂದು ಗೂಟದಾಗ ಸಿಗಿಸಿದ್ರಲ್ಲ, ಅದನ್ನ ತಗೊಂಡು ಮಗ್ಗುಲದಾಗ ಕುಂತೆ. ಅತ್ತಿ, ನಾಟಕ ಬಂದದ, ಓದ್ತೀನಿ ಕೇಳ್ರಿ ಅಂದೆ."

"ನಿನಗ ಓದಾಕ ಬರಾಂಗಿಲ್ಲ ಅಂತ ಅವ್ವಗ ಗೊತ್ತಿತ್ತಲ್ಲ?"

"ಗೊತ್ತಿತ್ತು. ಹೂಂ, ಓದು ಅಂದ್ರು."

"ಏನು ಓದಿದಿ?"

"ದಾಟಿದ್ಲು ಅಂದೆ." ಶಿವಬಸಮ್ಮ ನನ್ನ ಮುಖ ನೋಡಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ಹರಗೋಲಿನಾಂವಗೂ ಒಬ್ಬಾಕಿ ಮಗಳಿದ್ಲು, ಆಕೀನ್ನ ನೆನಸಿಕೊಂಡು ಬಾ ಯವ್ವಾ ಕೂಡು ಅಂದ ಅಂತ ಹೇಳಿದೆ. ಸುತ್ತಿ ಸುತ್ತಿ ಆಚೀ ದಂಡಿಗೆ ಹತ್ತಿತು ಅಂದೆ. ಮನಿಗೆ ಹೋದ್ಲು, ತಾಯಿ ಎದ್ದು ಕುಂತಿದ್ಲು, ಇಬ್ರೂ ಕೂಡಿ ಉಂಡ್ರು ಅಂದೆ. ಏನು ಅಡಿಗಿ ಮಾಡಿದ್ರು ಅಂತ ಅತ್ತಿ ಕೇಳಿದ್ರು. ಹೇಳಿದೆ."

ಹೊರಗೆ ಎಮ್ಮೆ ಕೂಗಿತು. ಅವಳು ಏಳಲಿಲ್ಲ.

"ನೀವೇನು ಬರದೀರಿ?" ಎಂದು ಕೇಳಿದಳು.

ನನ್ನ ಚೀಲದಲ್ಲಿ ಹುಡುಗಿ ಮುಳುಗಿ ಸತ್ತಿದ್ದಳು. ಹದಿನೈದು ಇಪ್ಪತ್ತು ಜನ ಅವಳಿಗಾಗಿ ಅತ್ತೂ ಆಗಿತ್ತು. "ನಾನೂ ಹಂಗs ಬರದೀನಿ," ಎಂದೆ. "ದಾಟ್ತಾಳ."

"ಓದ್ರಿ ಮತ್ತ."

ಐದನೆಯ ಅಂಕ ತೆಗೆದೆ. ಕಣ್ಣ ಮುಂದಿನ ಅಕ್ಷರಗಳನ್ನು ಬಿಟ್ಟು ಹರಗೋಲಿನವನ ಮಗಳಿಂದ ಶುರುಮಾಡಿದೆ. ಸರಾಗವಾಗಿ ಬರಲಿಲ್ಲ. ನನ್ನ ಮಾತುಗಳೆಲ್ಲ ಸಾಯಿಸುವ ಮಾತುಗಳೇ ಆಗಿದ್ದವು. ಬದುಕಿಸುವುದಕ್ಕೆ ಒಂದೊಂದನ್ನೂ ತಡವರಿಸಿ ಹುಡುಕಬೇಕಾಯಿತು. ದಂಡೆಗೆ ಹಚ್ಚಿದೆ, ಮನೆಗೆ ಕಳಿಸಿದೆ, ತಾಯಿಯನ್ನು ಎಬ್ಬಿಸಿ ಕೂಡಿಸಿದೆ. ಇಷ್ಟು ಹೊತ್ತೂ ಒಂದು ಹಾಳೆಯನ್ನೂ ತಿರುವಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಶಿವಬಸಮ್ಮ ಅದನ್ನು ನೋಡಿರಬೇಕು. ಊಟಕ್ಕೆ ಕೂಡಿಸಿದಲ್ಲಿ ನನ್ನ ಮಾತು ನಿಂತಿತು. ಎಡೆಯಲ್ಲಿ ಏನು ಬಡಿಸಬೇಕೆಂದು ನನಗೆ ತಿಳಿಯಲಿಲ್ಲ.

"ಸಜ್ಜಿ ರೊಟ್ಟಿ," ಎಂದಳು ಶಿವಬಸಮ್ಮ ಮೆಲ್ಲಗೆ. "ಪುಂಡಿಪಲ್ಲೆ. ಹಸೀ ಉಳ್ಳಾಗಡ್ಡಿ. ಅತ್ತಿಗೆ ಸೇರ್ತಿತ್ತಲ್ಲ, ಅದನ್ನs ಹೇಳಿದೆ."

ಹಾಳೆಗಳನ್ನು ಕೆಳಗಿಟ್ಟೆ. ಅವ್ವನಿಗೆ ಪುಂಡಿಪಲ್ಲೆ ಸೇರುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಕೇಳಬಾರದೆಂದು ಅನ್ನಿಸಿದರೂ ಕೇಳಿದೆ.

"ಎಲ್ಲಾ ಕೇಳಿ ಅವ್ವ ಏನಂದ್ಲು?"

ಶಿವಬಸಮ್ಮ ಹೇಳಲೋ ಬೇಡವೋ ಎಂದು ನೋಡಿದಳು.

"ನನ್ನ ಕೈ ಹಿಡಕೊಂಡ್ರು," ಎಂದಳು. "ಚೊಲೊ ಬರದಿ ಶಿವಬಸವ್ವಾ, ಅಂದ್ರು. ಆಮ್ಯಾಲ ಮಾತಾಡಲಿಲ್ಲ."